ಬಿಲ್ಲು ಹಿಡಿದು ಎಲ್ಕ್ ಶಿಕಾರಿಗೆ ಯಾವ ರಾಜ್ಯಕ್ಕೆ ಹೋಗಲಿ?

ಪ್ರಶ್ನೆ: ನಾನು ಕೊಡಗಿನವನು. ಹನ್ನೊಂದು ವರ್ಷದಿಂದ ಡಲ್ಲಾಸ್ ಪಕ್ಕ ಇದ್ದೇನೆ, ಎಚ್-1ಬಿ ವೀಸಾ. ವಯಸ್ಸು 43. ಮೂರು ವರ್ಷದಿಂದ ರಾಟೆ ಇರುವ ಕಾಂಪೌಂಡ್ ಬಿಲ್ಲು ಅಭ್ಯಾಸ ಮಾಡುತ್ತಿದ್ದೇನೆ, ಟೆಕ್ಸಾಸ್‌ನಲ್ಲಿ ಎರಡು ವೈಟ್‌ಟೇಲ್ ಜಿಂಕೆ ಹೊಡೆದಿದ್ದೇನೆ. ಒಂದು ಸಲವಾದರೂ ಗೈಡ್ ಇಟ್ಟುಕೊಂಡು ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಹೋಗಬೇಕು ಅಂತ ಆಸೆ. ಎಲ್ಲ ಸೇರಿ 9,000 ಡಾಲರ್ ಎತ್ತಿಟ್ಟಿದ್ದೇನೆ. ಕೊಲರಾಡೋ, ಮೊಂಟಾನಾ, ವಯೋಮಿಂಗ್, ನ್ಯೂ ಮೆಕ್ಸಿಕೋ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದೊಡ್ಡ ಕೊಂಬಿನ ಗಂಡು ಎಲ್ಲಿ ಸಿಗುತ್ತದೆ? ಎಲ್ಲಿಗೆ ದುಡ್ಡು ಹಾಕಲಿ?

ಉತ್ತರ: ನಿಮ್ಮ ಜಾಗದಲ್ಲಿ ನಾನಿದ್ದರೆ ನ್ಯೂ ಮೆಕ್ಸಿಕೋಗೆ ಹೋಗುತ್ತಿದ್ದೆ. ಜೊತೆಗೆ ವಯೋಮಿಂಗ್‌ನಲ್ಲಿ ವರ್ಷಕ್ಕೊಂದು ಪಾಯಿಂಟ್ ಕೊಂಡು ಇಡುತ್ತಿದ್ದೆ. ಪಾಯಿಂಟ್ ಅಂದರೆ ಬೇಟೆ ಪರವಾನಗಿಯ ಲಾಟರಿಯಲ್ಲಿ ನಿಮ್ಮ ಸರದಿ ಮುಂದಕ್ಕೆ ತರುವ ಅಂಕ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ದೊಡ್ಡ ಕೊಂಬು ಎಲ್ಲಿದೆ ಅನ್ನುವುದು ಸುಲಭದ ಪ್ರಶ್ನೆ. ಅರಿಜೋನಾದಲ್ಲಿದೆ, ನ್ಯೂ ಮೆಕ್ಸಿಕೋದ ಹೀಲಾ ಕಾಡಿನಲ್ಲಿದೆ, ಯೂಟಾ ಮತ್ತು ನೆವಾಡಾದ ಕೆಲವು ಕಡೆ ಇದೆ. ಅಲ್ಲಿ ದೊಡ್ಡದು ಯಾಕಿದೆ ಗೊತ್ತಾ? ಯಾರನ್ನೂ ಸುಲಭಕ್ಕೆ ಒಳಗೆ ಬಿಡುವುದಿಲ್ಲ, ಅದಕ್ಕೆ. ಅರಿಜೋನಾದ ಒಳ್ಳೆಯ ಯೂನಿಟ್‌ಗೆ (ಬೇಟೆಗೆ ಅಂತ ರಾಜ್ಯ ಗುರುತು ಮಾಡಿದ ವಲಯಕ್ಕೆ) ಅರ್ಜಿ ಹಾಕುತ್ತಾ ಹಾಕುತ್ತಾ ತಲೆಗೂದಲು ಬೆಳ್ಳಗಾದವರು ನನಗೇ ಮೂರು ಜನ ಗೊತ್ತು. ಹೊರರಾಜ್ಯದವರಿಗೆ ಅಲ್ಲಿ ಹೆಚ್ಚೆಂದರೆ ನೂರಕ್ಕೆ ಹತ್ತು ಟ್ಯಾಗ್, ಅಂದರೆ ಪ್ರಾಣಿ ಹೊಡೆಯುವ ಪರವಾನಗಿ. ಅಲ್ಲಿಗೂ ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ನಂಬಿ ಕೂತರೆ ನಿಮ್ಮ ಮಂಡಿ ಹೋದ ಮೇಲೆ ಟ್ಯಾಗ್ ಬರುತ್ತದೆ.

ಆದ್ದರಿಂದ ಲೆಕ್ಕ ಬೇರೆ ತರ ಹಾಕಬೇಕು. ನಿಮಗೆ ಬೇಕಾದ ವರ್ಷ ಟ್ಯಾಗ್ ಎಲ್ಲಿ ಸಿಗುತ್ತದೆ, ಆ ಜಾಗದಲ್ಲಿ ದಿನಕ್ಕೆ ಎಷ್ಟು ಗಂಡುಗಳ ಬೆದೆಯ ಕೂಗು ಕೇಳುತ್ತದೆ, ಅಲ್ಲಿ ನಿಮ್ಮ ಕಾಲು ಓಡುತ್ತದಾ. ಈ ಮೂರನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಕೊಂಬಿನ ಅಳತೆ ಆಮೇಲೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಎಲ್ಕ್ ಅಂದರೆ ನಮ್ಮ ಕಡವೆಯ ದೂರದ ದಾಯಾದಿ, ಮೈಕಟ್ಟು ಅದಕ್ಕಿಂತ ದಪ್ಪ. ರಾಕಿ ಬೆಟ್ಟದ ಗಂಡು ಸುಮಾರು 320 ಕಿಲೋ ತೂಗುತ್ತದೆ, ಭುಜದ ಹತ್ತಿರ ಐದು ಅಡಿ ಎತ್ತರ. ವಾಪಿಟಿ ಅಂತಲೂ ಕರೆಯುತ್ತಾರೆ, ಅದು ಶಾನಿ ಜನರ ಮಾತು, ಬಿಳಿ ಹಿಂಭಾಗದ್ದು ಅಂತ ಅರ್ಥ. ನಮ್ಮ ಊರಲ್ಲಿ ಶಿಕಾರಿ 1972ರ ಕಾಯ್ದೆ ಬಂದ ಮೇಲೆ ಮುಗಿದ ಕಥೆ, ಅದು ಮುಗಿದದ್ದೇ ಒಳ್ಳೆಯದು. ಇಲ್ಲಿ ವ್ಯವಸ್ಥೆ ಬೇರೆ. ಎಷ್ಟು ಪ್ರಾಣಿ ಇವೆ ಅಂತ ಅಂದಾಜು ಹಾಕಿ, ಅದಕ್ಕೆ ತಕ್ಕ ಹಾಗೆ ಟ್ಯಾಗ್ ಕೊಡುತ್ತಾರೆ. 1937ರ ಒಂದು ಕಾನೂನಿನ ಪ್ರಕಾರ ಬೇಟೆ ಸಾಮಾನಿನ ಮೇಲಿನ ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ನೀವು ಕೊಂಡ ಬಿಲ್ಲಿನ ಮೇಲೂ ನೂರಕ್ಕೆ 11ರಷ್ಟು ಹೋಗಿದೆ. ಬೈಯಬೇಕು ಅನ್ನಿಸಿದರೆ ಬೈಯಿರಿ, ಆದರೆ ಇದು ಗೊತ್ತಿದ್ದು ಬೈಯಿರಿ.

ಕೊಡಗಿನವರಾದ ನಿಮಗೆ ಇನ್ನೊಂದು ಖುಷಿಯ ವಿಷಯ. ಕೈಲ್‌ಪೊಳ್ದ್ ಸೆಪ್ಟೆಂಬರ್ 3 ಅಲ್ವಾ? ಕೊಲರಾಡೋದಲ್ಲಿ ಬಿಲ್ಲು ಬೇಟೆ ಸಾಮಾನ್ಯವಾಗಿ ಸೆಪ್ಟೆಂಬರ್ 2ಕ್ಕೆ ಶುರು. ಆಯುಧ ಪೂಜೆ ಮಾಡಿಕೊಂಡೇ ಕಾಡಿಗೆ ಇಳಿಯಬಹುದು.

ಈಗ ಟ್ಯಾಗ್ ವಿಷಯ. ಟ್ಯಾಗ್ ಅಂದರೆ ಒಂದು ಪ್ರಾಣಿ ಹೊಡೆಯಲು ಆ ರಾಜ್ಯ ಕೊಡುವ ಪರವಾನಗಿ. ಗೈಡ್‌ಗೆ ನೀವು ಕೊಡುವ ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಬೇಟೆಯ ಏರ್ಪಾಡು ಮಾಡಿಕೊಡುವ ಔಟ್‌ಫಿಟರ್‌ಗೆ ಅರ್ಧ ದುಡ್ಡು ಮುಂಗಡ ಕೊಟ್ಟು, ರಜಾ ಹಾಕಿ, ಕ್ಯಾಮೊ ಬಟ್ಟೆ ಕೊಂಡು, ಕೊನೆಗೆ ಲಾಟರಿಯಲ್ಲಿ ಹೆಸರೇ ಬಂದಿರುವುದಿಲ್ಲ. ಅದಕ್ಕೇ ಎಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಕೇಳಬೇಕಾದ ಮೊದಲ ಮಾತು: ಟ್ಯಾಗ್ ಬರದಿದ್ದರೆ ನನ್ನ ಮುಂಗಡ ಏನಾಗುತ್ತದೆ? ವಾಪಸ್ ಕೊಡುತ್ತೇವೆ ಅಥವಾ ಮುಂದಿನ ವರ್ಷಕ್ಕೆ ಹಾಕಿಕೊಳ್ಳುತ್ತೇವೆ ಅಂತ ಕಾಗದದಲ್ಲಿ ಇರಬೇಕು. ಬಾಯಿಮಾತು ಬೇಡ.

ಕೊಲರಾಡೋದಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ಇರುವುದು ಅಲ್ಲೇ, ಪಶ್ಚಿಮ ಭಾಗದ ಬೆಟ್ಟದ ಕಡೆ. ದೇಶದಲ್ಲೇ ಜಾಸ್ತಿ ಎಲ್ಕ್ ಇರುವ ರಾಜ್ಯ ಇದು, ಎರಡೂವರೆ ಲಕ್ಷಕ್ಕಿಂತ ಮೇಲೆ. ಹಳೇ ಲೇಖನ, ಹಳೇ ವಿಡಿಯೋ ಎಲ್ಲದರಲ್ಲೂ ಕೊಲರಾಡೋಗೆ ಹೋಗಿ, ಅಂಗಡಿಯಲ್ಲೇ ಟ್ಯಾಗ್ ಸಿಗುತ್ತದೆ ಅಂತ ಇರುತ್ತದೆ. ಆ ಕಾಲ ಹೋಯಿತು. 2025ರಿಂದ ಐ-25 ಹೆದ್ದಾರಿಯ ಪಶ್ಚಿಮಕ್ಕೆ ಹೊರರಾಜ್ಯದವರು ಬಿಲ್ಲು ಬೇಟೆಗೂ ಲಾಟರಿಯಲ್ಲೇ ಬರಬೇಕು. ಅರ್ಜಿಗೆ ಏಪ್ರಿಲ್ ಮೊದಲ ವಾರದ ತನಕ ಸಮಯ ಇರುತ್ತದೆ. ಪಾಯಿಂಟ್ ಇಲ್ಲದೆಯೂ ಸಿಗುವ ಯೂನಿಟ್‌ಗಳು ಈಗಲೂ ಇವೆ, ಆದರೆ ಅಂಥ ಕಡೆ ಜನವೂ ಹಾಗೇ ಇರುತ್ತಾರೆ. ಒಂದು ಸಲ ನಾನು ಬೆಳಗ್ಗೆ ಒಂದು ಕೂಗಿನ ಹಿಂದೆ ಮುಕ್ಕಾಲು ಗಂಟೆ ಹೋಗಿ, ಕೊನೆಗೆ ಪೊದೆ ಸರಿಸಿ ನೋಡಿದರೆ ಆ ಕಡೆ ಎಲ್ಕಿನ ಹಾಗೆ ಕೂಗುವ ಪ್ಲಾಸ್ಟಿಕ್ ಕೊಳವೆಗೆ ಬಾಯಿಟ್ಟುಕೊಂಡು ಒಬ್ಬ ಮನುಷ್ಯ ಕೂತಿದ್ದ. ಅವನೂ ನನ್ನ ಕೂಗಿಗೆ ಬಂದಿದ್ದ. ಇಬ್ಬರೂ ನಕ್ಕು ಬಿಸ್ಕತ್ತು ಹಂಚಿಕೊಂಡು ವಾಪಸ್ ಬಂದೆವು. ಸೆಪ್ಟೆಂಬರ್ ಮಧ್ಯದಲ್ಲಿ ಒಂಬತ್ತು ದಿನ ಮದ್ದುಕೋವಿಯವರೂ ಅದೇ ಕಾಡಿಗೆ ಬರುತ್ತಾರೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೊಲರಾಡೋ ಕೆಟ್ಟದ್ದು ಅಂತ ಅಲ್ಲ, ನನ್ನ ಊರು. ಕುದುರೆ ಮೇಲೆ ಒಳಗೆ ಕರೆದುಕೊಂಡು ಹೋಗುವ ಔಟ್‌ಫಿಟರ್ ಅಥವಾ ದೊಡ್ಡ ಖಾಸಗಿ ಜಮೀನು ಸಿಕ್ಕಿದರೆ ಚೆನ್ನಾಗಿರುತ್ತದೆ, ಮೀಕರ್ ಕಡೆಯ ವೈಟ್ ರಿವರ್ ಹಿಂಡಂತೂ ಬಹಳ ದೊಡ್ಡದು. ಆದರೆ ಖಾಸಗಿ ಜಮೀನಿನ ದರ ನಿಮ್ಮ 9,000ದ ಒಳಗೆ ಕೂರುವುದು ಕಷ್ಟ.

ಮೊಂಟಾನಾ ಬಿಲ್ಲಿನವರಿಗೆ ಉದಾರ. ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ ಮಧ್ಯದ ತನಕ ಆರು ವಾರ ಕೊಡುತ್ತಾರೆ. ಅರ್ಜಿ ಏಪ್ರಿಲ್ 1ಕ್ಕೆ ಮುಂಚೆ. ಬಿಲ್ಲು ಬೇಟೆಯ ಪ್ರತ್ಯೇಕ ಕೋರ್ಸಿನ ಸರ್ಟಿಫಿಕೇಟ್ ಕೇಳುತ್ತಾರೆ, ಅಥವಾ ಹಿಂದಿನ ವರ್ಷಗಳ ಬಿಲ್ಲು ಬೇಟೆ ಲೈಸೆನ್ಸ್ ತೋರಿಸಬೇಕು. ಹೀಗಾಗಿ ಟೆಕ್ಸಾಸ್‌ನ ಹಳೇ ಕಾಗದ ಎಸೆಯಬೇಡಿ. ನನ್ನ ತಕರಾರು ಒಂದೇ, ನಿಮಗೆ ದೂರ. ಅದರ ಜೊತೆ ಪಶ್ಚಿಮ ಮೊಂಟಾನಾದಲ್ಲಿ ಗ್ರಿಜ್ಲಿ ಕರಡಿ ಇದೆ. ಹೆಣ್ಣು ಎಲ್ಕಿನ ಹಾಗೆ ಕೂಗಿ ಗಂಡನ್ನು ಕರೆಯುವುದು ನಮ್ಮ ಕೆಲಸ ಅಲ್ವಾ, ಆ ಕೂಗು ಕೇಳಿ ಊಟ ಸಿಕ್ಕಿತು ಅಂತ ಗ್ರಿಜ್ಲಿಯೂ ಬರುತ್ತದೆ. ಮೊದಲ ಎಲ್ಕ್ ಬೇಟೆಗೆ ಆ ಚಿಂತೆ ಯಾಕೆ?

ವಯೋಮಿಂಗ್ ನನಗೆ ಬಹಳ ಇಷ್ಟದ ರಾಜ್ಯ. ಅಲ್ಲೊಂದು ವಿಚಿತ್ರ ಕಾನೂನು ಇದೆ. ಕೇಂದ್ರ ಸರ್ಕಾರ ವಿಲ್ಡರ್‌ನೆಸ್ ಅಂತ ಗುರುತು ಮಾಡಿದ ಕಾಡಿನಲ್ಲಿ ಹೊರರಾಜ್ಯದವರು ಗೈಡ್ ಇಲ್ಲದೆ ದೊಡ್ಡ ಪ್ರಾಣಿಗಳ ಬೇಟೆ ಮಾಡುವ ಹಾಗಿಲ್ಲ. ಸ್ವಂತಕ್ಕೆ ಹೋಗುವವರು ಇದಕ್ಕೆ ಹಿಡಿಶಾಪ ಹಾಕುತ್ತಾರೆ. ಆದರೆ ಗೈಡ್ ಇಟ್ಟುಕೊಂಡು ಹೋಗುವ ನಿಮ್ಮಂಥವರಿಗೆ ಇದು ಲಾಭ, ಒಳಗೆ ಜನ ಕಡಿಮೆ. ಕಷ್ಟ ಏನೆಂದರೆ ಪಾಯಿಂಟ್ ಇಲ್ಲದೆ ಸಾಮಾನ್ಯ ಟ್ಯಾಗ್ ಬರುವುದೂ ಈಗ ಅಪರೂಪ ಆಗುತ್ತಿದೆ. ಅರ್ಜಿ ಫೆಬ್ರವರಿ ಶುರುವಿಗೇ ಮುಗಿಯುತ್ತದೆ. ಜುಲೈನಿಂದ ಅಕ್ಟೋಬರ್ ತನಕ ಪಾಯಿಂಟ್ ಮಾತ್ರ ಕೊಳ್ಳಬಹುದು. ಅದಕ್ಕೆ ಹೇಳಿದ್ದು, ವರ್ಷಕ್ಕೊಂದು ಕೊಂಡು ಇಡಿ, ಚೀಟಿ ಹಾಕಿದ ಹಾಗೆ. ಮೂರನೆಯದೋ ನಾಲ್ಕನೆಯದೋ ಬೇಟೆಗೆ ಅದು ಕೈಗೆ ಬರುತ್ತದೆ. ವಾಯವ್ಯ ವಯೋಮಿಂಗ್‌ನಲ್ಲೂ ಗ್ರಿಜ್ಲಿ ಇದೆ, ಆಗ ನಿಮಗೆ ಸ್ವಲ್ಪ ಧೈರ್ಯವೂ ಬಂದಿರುತ್ತದೆ.

ಐಡಾಹೊದಲ್ಲಿ ಟ್ಯಾಗ್ ಬೇಗ ಬಂದವರಿಗೆ ಮೊದಲು ಅಂತಿತ್ತು, 2026ರಿಂದ ಹೊರರಾಜ್ಯದವರಿಗೆ ಅದೂ ಲಾಟರಿ. ಕೆಲವು ವಲಯಗಳಲ್ಲಿ ಔಟ್‌ಫಿಟರ್‌ಗಳಿಗೆ ಅಂತಲೇ ಬೇರೆ ಟ್ಯಾಗ್ ಎತ್ತಿಟ್ಟಿರುತ್ತಾರೆ, ಗೈಡ್ ಜೊತೆ ಹೋಗುವವರು ಕೇಳಿ ನೋಡಬೇಕಾದ ದಾರಿ. ಬೆಟ್ಟ ಮಾತ್ರ ಗೋಡೆಯ ಹಾಗೆ ಕಡಿದಾಗಿರುತ್ತದೆ. ಡಲ್ಲಾಸಿನಿಂದ ನೇರ ಅಲ್ಲಿಗೆ ಹೋದರೆ ಎರಡನೇ ದಿನ ನೀವು ನನ್ನನ್ನು ಬೈಯುತ್ತೀರಿ.

ನ್ಯೂ ಮೆಕ್ಸಿಕೋ ಯಾಕೆ ಅಂದರೆ, ಅಲ್ಲಿ ಪಾಯಿಂಟ್ ಅನ್ನುವುದೇ ಇಲ್ಲ. ಇಪ್ಪತ್ತು ವರ್ಷದಿಂದ ಅರ್ಜಿ ಹಾಕುತ್ತಿರುವವನೂ, ಮೊದಲ ಸಲ ಹಾಕುವ ನೀವೂ ಒಂದೇ ಡಬ್ಬಿಯಲ್ಲಿ. ಲಾಟರಿ ಟ್ಯಾಗುಗಳಲ್ಲಿ 84 ಭಾಗ ಆ ರಾಜ್ಯದವರಿಗೆ, 10 ಭಾಗ ಔಟ್‌ಫಿಟರ್ ಜೊತೆ ಒಪ್ಪಂದ ಮಾಡಿಕೊಂಡವರಿಗೆ, 6 ಭಾಗ ಗೈಡ್ ಇಲ್ಲದ ಹೊರರಾಜ್ಯದವರಿಗೆ. ನೀವು ಹೇಗೂ ಗೈಡ್ ಇಟ್ಟುಕೊಳ್ಳುತ್ತೀರಿ, ಹಾಗಾಗಿ ಆ ಹತ್ತರ ಸಾಲಿನಲ್ಲಿ ನಿಲ್ಲಬಹುದು. ಅರ್ಜಿ ಹಾಕುವ ಮುಂಚೆಯೇ ಒಪ್ಪಂದಕ್ಕೆ ಸಹಿ ಆಗಿರಬೇಕು. ಸಮಯ ಮಾರ್ಚ್ ಮೂರನೇ ವಾರದ ತನಕ. ಅಲ್ಲಿನ ಬೇಟೆ ಲೈಸೆನ್ಸ್ ಮೊದಲೇ ಕೊಂಡಿರಬೇಕು, ಆ ದುಡ್ಡು ವಾಪಸ್ ಬರುವುದಿಲ್ಲ, ಟ್ಯಾಗಿನ ದುಡ್ಡು ಬರುತ್ತದೆ.

ಹೀಲಾ ಕಡೆಯ 15, 16, 17ನೇ ಯೂನಿಟ್‌ಗಳಿಗೆ ಇಡೀ ದೇಶವೇ ಅರ್ಜಿ ಹಾಕುತ್ತದೆ. ಮೊದಲ ಆಯ್ಕೆಗೆ ಅದನ್ನು ಬರೆಯಿರಿ, ಅದೃಷ್ಟ ಯಾರಪ್ಪನ ಮನೆಯದ್ದು. ಎರಡನೇ ಮತ್ತು ಮೂರನೇ ಆಯ್ಕೆಗೆ ಸ್ವಲ್ಪ ಕೆಳಗಿಳಿಯಿರಿ: ಉತ್ತರದಲ್ಲಿ ಚಾಮಾ ಕಡೆ, ಇಲ್ಲವೇ ಆಗ್ನೇಯದಲ್ಲಿ ಸ್ಯಾಕ್ರಮೆಂಟೊ ಬೆಟ್ಟ, ಅಂದರೆ ಕ್ಲೌಡ್‌ಕ್ರಾಫ್ಟ್, ರುಯಿಡೋಸೊ ಊರುಗಳ ಸುತ್ತ, 34 ಮತ್ತು 36ನೇ ಯೂನಿಟ್. ಅಲ್ಲಿಗೆ ನಿಮ್ಮ ಮನೆಯಿಂದ ಹೆಚ್ಚುಕಮ್ಮಿ ಒಂದು ದಿನದ ಡ್ರೈವ್. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಒಂದು ಗಂಡು ಬಿತ್ತು ಅಂದರೆ ಮೂಳೆ ಬಿಡಿಸಿದ ಮಾಂಸವೇ ನೂರು ಕಿಲೋ ಆಗುತ್ತದೆ. ವಿಮಾನದಲ್ಲಿ ಹೇಗೆ ತರುತ್ತೀರಿ? ನಿಮ್ಮದೇ ಗಾಡಿ, ಹಿಂದೆ ಎರಡು ದೊಡ್ಡ ಕೂಲರ್, ಐಸು. ಮನೆಗೆ ಬಂದು ಇಳಿಸಿದರಾಯಿತು.

ಲಾಟರಿ ಫಲಿತಾಂಶ ಏಪ್ರಿಲ್ ಕೊನೆಯ ಹೊತ್ತಿಗೆ ಬರುತ್ತದೆ. ಬರದಿದ್ದರೆ ನ್ಯೂ ಮೆಕ್ಸಿಕೋದಲ್ಲಿ ಇನ್ನೊಂದು ಬಾಗಿಲಿದೆ. ಜಮೀನ್ದಾರರಿಗೆ ರಾಜ್ಯ ಕೆಲವು ಅನುಮತಿ ಪತ್ರ ಕೊಡುತ್ತದೆ, ಅದನ್ನು ಅವರು ಮಾರಬಹುದು, ಅದನ್ನು ತೋರಿಸಿ ನೀವು ಟ್ಯಾಗ್ ಕೊಳ್ಳಬಹುದು. ಇದರಲ್ಲಿ ಎರಡು ತರ. ಒಂದು ಇಡೀ ಯೂನಿಟ್‌ಗೆ ಆಗುತ್ತದೆ, ಸರ್ಕಾರಿ ಕಾಡೂ ಸೇರಿ. ಇನ್ನೊಂದು ಆ ಜಮೀನಿನ ಬೇಲಿಯೊಳಗೆ ಮಾತ್ರ. ಎರಡನೆಯದು ಅಗ್ಗ ಅಂತ ಕೊಂಡು, ಆಮೇಲೆ ನೋಡಿದರೆ ಜಮೀನು ನಲವತ್ತೇ ಎಕರೆ, ಎಲ್ಕುಗಳೆಲ್ಲ ಬೇಲಿಯ ಆ ಕಡೆ ನಿಂತು ನಿಮ್ಮನ್ನೇ ನೋಡುತ್ತಿರುತ್ತವೆ. ಯಾವುದು ಅಂತ ಕೇಳಿ ಕೊಳ್ಳಿ. ಒಳ್ಳೆಯ ಯೂನಿಟ್ಟಿನ ಪತ್ರಕ್ಕೆ ಬೇಟೆಯ ಖರ್ಚಿನಷ್ಟೇ ದುಡ್ಡು ಆಗಬಹುದು, ಅದನ್ನು ನಿಮ್ಮ 9,000ದಲ್ಲಿ ಸೇರಿಸಬೇಡಿ.

ಇನ್ನು ನಿಮ್ಮ ಮನೆ ಹತ್ತಿರದ ಆಸೆ. ಟೆಕ್ಸಾಸ್‌ನಲ್ಲೇ ಎಲ್ಕ್ ಹೊಡೆಸುವ ರ‍್ಯಾಂಚ್‌ಗಳಿವೆ. ಅಲ್ಲಿ ಎಲ್ಕನ್ನು ಹೊರಗಿಂದ ತಂದ ಸಾಕುಪ್ರಾಣಿಯ ಲೆಕ್ಕದಲ್ಲಿ ಇಟ್ಟಿದ್ದಾರೆ, ಹಾಗಾಗಿ ಟ್ಯಾಗ್ ಬೇಡ, ಸೀಸನ್ ಬೇಡ. ಎಂಟು ಅಡಿ ಬೇಲಿ, ಒಳಗೆ ಇಂಥದ್ದಕ್ಕೆ ಇಷ್ಟು ಅಂತ ಕೊಂಬಿನ ಮೇಲೆ ದರ. ಜಾಹೀರಾತಿನಲ್ಲಿ ನೂರಕ್ಕೆ ನೂರು ಗ್ಯಾರಂಟಿ ಅಂತ ಇದ್ದರೆ ಅಲ್ಲಿ ಬೇಲಿ ಇದೆ ಅಂತಲೇ ಅರ್ಥ. ಬಿಲ್ಲಿನವರ ದಾಖಲೆ ಇಡುವ ಪೋಪ್ ಆ್ಯಂಡ್ ಯಂಗ್ ಕ್ಲಬ್ ಇಂಥದ್ದನ್ನು ಸೇರಿಸಿಕೊಳ್ಳುವುದಿಲ್ಲ. ನನಗೆ ಕೇಳಿದರೆ ಅದು ಶಿಕಾರಿಯೂ ಅಲ್ಲ, ಕಸಾಯಿಖಾನೆಯೂ ಅಲ್ಲ, ನಡುವಿನ ಯಾವುದೋ ಒಂದು.

ರಾಜ್ಯ ಆಯಿತು, ಈಗ ದಿನ. ಔಟ್‌ಫಿಟರ್ ನಿಮಗೆ ನಾಲ್ಕೈದು ವಾರ ತೋರಿಸಿ ಯಾವುದು ಬೇಕು ಅನ್ನುತ್ತಾನೆ. ಸೆಪ್ಟೆಂಬರ್ ಮೊದಲ ವಾರ ಬಿಸಿಲು ಜಾಸ್ತಿ, ಗಂಡುಗಳು ಬಾಯಿ ಬಿಡುವುದಿಲ್ಲ. ಆಗ ನೀರಿನ ಹೊಂಡ, ಅವು ಹೊರಳಾಡುವ ಕೆಸರು ನೋಡಿಕೊಂಡು ಮರಸು ಕೂರಬೇಕು. ನಮ್ಮ ಮಲೆನಾಡಿನ ಹಳಬರಿಗೆ ಇದು ಗೊತ್ತಿದ್ದ ವಿದ್ಯೆ, ತಾಳ್ಮೆ ಇರುವವರಿಗೆ ಫಲ ಕೊಡುತ್ತದೆ. ಹನ್ನೆರಡನೇ ತಾರೀಕು ದಾಟಿದ ಮೇಲೆ ಬೆದೆ ಏರುತ್ತದೆ, ಕಾಡು ಎದ್ದು ಕೂರುತ್ತದೆ. ಇಪ್ಪತ್ತರ ಆಚೆ ಈಚೆ ತಾರಕ. ಆದರೆ ಆಗ ದೊಡ್ಡ ಗಂಡಿನ ಸುತ್ತ ಹತ್ತು ಹದಿನೈದು ಹೆಣ್ಣುಗಳಿರುತ್ತವೆ. ಅಷ್ಟು ಕಣ್ಣು, ಅಷ್ಟು ಮೂಗು ದಾಟಿ ಹೋಗಬೇಕು. ಅದು ಹೆಣ್ಣುಗಳನ್ನು ಬಿಟ್ಟು ನಿಮ್ಮ ಕೂಗಿಗೆ ಬರುವುದೂ ಕಡಿಮೆ. ಬರುವುದು ಸುತ್ತ ತಿರುಗುವ ಪುಂಡ ಹುಡುಗರು. ಮೊದಲ ಸಲದವರಿಗೆ ಅವೇ ಸಾಕು, ಐದು ಕವಲಿನದು ಇಪ್ಪತ್ತೈದು ಗಜಕ್ಕೆ ಬಂದರೆ ಕೈಮುಗಿದು ಬಾಣ ಬಿಡಿ. ನ್ಯೂ ಮೆಕ್ಸಿಕೋದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ 14 ಒಂದು ಕಂತು, 15ರಿಂದ 24 ಇನ್ನೊಂದು. ಎಲ್ಲರಿಗೂ ಎರಡನೆಯದೇ ಬೇಕು. ಮೊದಲನೆಯದಕ್ಕೆ ಹಾಕಿ ಕೊನೆಯ ಐದು ದಿನ ಬುಕ್ ಮಾಡಿದರೆ ಟ್ಯಾಗ್ ಬರುವ ಸಾಧ್ಯತೆಯೂ ಜಾಸ್ತಿ, ಕೂಗೂ ಶುರುವಾಗಿರುತ್ತದೆ. ನನ್ನ ಸಲಹೆ ಅದು.

ವೈಟ್‌ಟೇಲ್ ಹೊಡೆದಿದ್ದೇನೆ ಅಂದಿರಿ. ಒಳ್ಳೆಯದು, ಆದರೆ ಮರದ ಮೇಲೆ ಕೂತು ಹೊಡೆದದ್ದನ್ನು ಇಲ್ಲಿ ಮರೆತುಬಿಡಿ. ಎಲ್ಕ್ ಬೇಟೆಯಲ್ಲಿ ಎಲ್ಲ ಗಾಳಿಯ ಆಟ. ಬೆಳಗ್ಗೆ ತಂಪಿದ್ದಾಗ ಗಾಳಿ ಬೆಟ್ಟದಿಂದ ಕೆಳಗೆ ಇಳಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲಕ್ಕೆ ಏರುತ್ತದೆ. ಈ ಎರಡರ ನಡುವೆ ಅರ್ಧ ಗಂಟೆ ಅದಕ್ಕೆ ತಾನು ಎತ್ತ ಹೋಗಬೇಕು ಅಂತ ಗೊತ್ತಿರುವುದಿಲ್ಲ. ಎರಡು ವರ್ಷದ ಹಿಂದೆ ಹೀಗಾಯಿತು. ಬೆಳಗ್ಗೆ ಒಂಬತ್ತರ ಸುಮಾರು, ಆಸ್ಪೆನ್ ಮರಗಳ ನಡುವೆ ನಾನು ಮಂಡಿಯೂರಿ ಕೂತಿದ್ದೆ, ಜೊತೆಗಾರ ಹಿಂದೆ ಅರವತ್ತು ಗಜದಲ್ಲಿ ಕೂಗುತ್ತಿದ್ದ. ಗಂಡು ಬಂತು. ಮೊದಲು ಕೊಂಬಿನ ತುದಿ, ಆಮೇಲೆ ಉಸಿರಿನ ಹಬೆ. ಮೂತ್ರದ ಘಾಟು ನನಗೇ ಬಡಿಯುತ್ತಿತ್ತು, ಅಂದರೆ ಗಾಳಿ ಸರಿಯಾಗಿದೆ ಅಂತ. 38 ಗಜ. ಇನ್ನೆರಡು ಹೆಜ್ಜೆ ಇಟ್ಟರೆ ಪಕ್ಕೆ ಪೂರ್ತಿ ಸಿಗುತ್ತದೆ. ಹೆದೆ ಎಳೆದು ಹಿಡಿದಿದ್ದೇನೆ, ತೋಳು ನಡುಗುತ್ತಿದೆ. ಅಷ್ಟರಲ್ಲಿ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಅಷ್ಟೇ. ಅದು ತಲೆ ಎತ್ತಿತು, ಒಂದು ಸಲ ಬೊಗಳಿದ ಹಾಗೆ ಸದ್ದು ಮಾಡಿತು, ಮುನ್ನೂರು ಕಿಲೋ ಪ್ರಾಣಿ ಒಂದು ಕೊಂಬೆಯೂ ಮುರಿಯದ ಹಾಗೆ ಮಾಯ. ಆ ಸಲ ನಾನು ಖಾಲಿ ಕೈಯಲ್ಲಿ ಬಂದೆ.

ಇದನ್ನು ಯಾಕೆ ಹೇಳಿದೆ ಅಂದರೆ, ದಿನಕ್ಕೆ ಇಂಥ ಅವಕಾಶ ಎಷ್ಟು ಸಿಗುತ್ತದೆ ಅನ್ನುವುದೇ ಜಾಗದ ನಿಜವಾದ ಬೆಲೆ. ಬಿಲ್ಲಿನಲ್ಲಿ ಹತ್ತು ಜನ ಹೋದರೆ ಹೊಡೆದು ತರುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಗೈಡ್ ಇದ್ದರೆ ಇದಕ್ಕಿಂತ ಮೇಲು, ಆದರೆ ಯಾರೂ ಖಾತ್ರಿ ಕೊಡಲಾರರು. ಔಟ್‌ಫಿಟರ್ ನಮ್ಮಲ್ಲಿ ನೂರಕ್ಕೆ ಎಂಬತ್ತು ಸಕ್ಸಸ್ ಅಂದರೆ ಬಿಡಿಸಿ ಕೇಳಿ. ಅದು ಹೊಡೆದದ್ದಾ, ಬಾಣ ಬಿಟ್ಟದ್ದಾ, ಬಾಣ ಬಿಡುವ ಅವಕಾಶ ಸಿಕ್ಕಿದ್ದಾ? ರೈಫಲ್ ಸೀಸನ್ ಸೇರಿಸಿ ಹೇಳುತ್ತಿದ್ದಾರಾ? ನಾನೊಮ್ಮೆ ನನ್ನ ಭಾವನಿಗೆ ಅಂತ ಒಬ್ಬರಿಗೆ ಫೋನ್ ಮಾಡಿದ್ದೆ. ಹೋದ ಸೆಪ್ಟೆಂಬರ್‌ನಲ್ಲಿ ಬಿಲ್ಲಿನವರು ಎಷ್ಟು ಜನ ಬಂದಿದ್ದರು, ಎಷ್ಟು ಜನ ಹೊಡೆದರು ಅಂತ ಕೇಳಿದೆ. ಅವರು ಬೆಟ್ಟ ಎಷ್ಟು ಚೆಂದ, ಅಡುಗೆಯವಳು ಮಾಡುವ ಸ್ಟೇಕ್ ಎಷ್ಟು ರುಚಿ ಅಂತ ಐದು ನಿಮಿಷ ಮಾತಾಡಿದರು. ಮತ್ತೆ ಕೇಳಿದೆ. ಮತ್ತೆ ಸ್ಟೇಕ್. ಫೋನ್ ಇಟ್ಟೆ. ಇನ್ನೊಬ್ಬರು ಹದಿನಾಲ್ಕು ಜನ ಬಂದಿದ್ದರು, ನಾಲ್ಕು ಬಿತ್ತು, ಇಬ್ಬರು ಗುರಿ ತಪ್ಪಿದರು, ಒಂದು ಗಾಯ ಆಗಿ ಸಿಗಲಿಲ್ಲ ಅಂದರು. ದುಡ್ಡು ಅವರಿಗೆ ಹೋಯಿತು.

ಪರಿಚಯದ ಗಿರಾಕಿಗಳ ನಂಬರ್ ಎಲ್ಲರೂ ಕೊಡುತ್ತಾರೆ, ಗೋಡೆಗೆ ಕೊಂಬು ಹಾಕಿಕೊಂಡವರದ್ದು. ನೀವು ಖಾಲಿ ಕೈಯಲ್ಲಿ ಹೋದವರ ನಂಬರ್ ಕೇಳಿ. ಅವರು ಗೈಡ್ ಬೆಳಗ್ಗೆ ಎಷ್ಟು ಗಂಟೆಗೆ ಎಬ್ಬಿಸುತ್ತಿದ್ದ, ನಾಲ್ಕನೇ ದಿನವೂ ಅಷ್ಟೇ ಹುರುಪಿನಲ್ಲಿ ಇದ್ದನಾ, ಕುದುರೆಗೆ ಮೇವು ಸರಿ ಇತ್ತಾ ಅನ್ನುವುದನ್ನೆಲ್ಲ ಹೇಳುತ್ತಾರೆ. ಔಟ್‌ಫಿಟರ್ ಬೇರೆ, ಗೈಡ್ ಬೇರೆ, ಇದು ನೆನಪಿರಲಿ. ಔಟ್‌ಫಿಟರ್ ಲೈಸೆನ್ಸ್ ಇರುವ ಮಾಲೀಕ, ಗೈಡ್ ಅವನ ಕೈಕೆಳಗಿನ ಹುಡುಗ. ಆರು ದಿನ ನಿಮ್ಮ ಜೊತೆ ಇರುವುದು ಆ ಹುಡುಗ. ಅವನು ಆ ಯೂನಿಟ್‌ನಲ್ಲಿ ಎಷ್ಟು ಸೆಪ್ಟೆಂಬರ್ ಕಳೆದಿದ್ದಾನೆ, ಒಬ್ಬರಿಗೆ ಒಬ್ಬ ಗೈಡಾ ಅಥವಾ ಇಬ್ಬರಿಗೆ ಒಬ್ಬನಾ? ಬಿಲ್ಲಿಗೆ ಒಬ್ಬರಿಗೆ ಒಬ್ಬನೇ ಇರಬೇಕು, ಇದರಲ್ಲಿ ಚೌಕಾಸಿ ಬೇಡ. ಮಾಲೀಕನ ಹೆಸರು ಆಯಾ ರಾಜ್ಯದ ನೋಂದಣಿಯಲ್ಲಿ ಇದೆಯಾ ಅಂತ ನೀವೇ ನೋಡಿ. ಸರ್ಕಾರಿ ಕಾಡಿನಲ್ಲಿ ಕರೆದುಕೊಂಡು ಹೋಗುವುದಾದರೆ ಅರಣ್ಯ ಇಲಾಖೆಯ ಪರ್ಮಿಟ್ ಬೇರೆ ಬೇಕು. ಯಾವ ಜಾಗಕ್ಕೆ ಪರ್ಮಿಟ್ ಇದೆ ಅಂತ ಕೇಳಿದರೆ ಒಳ್ಳೆಯವರು ನಕ್ಷೆ ತೆಗೆದು ತೋರಿಸುತ್ತಾರೆ.

ನಿಮ್ಮ 9,000 ಡಾಲರ್ ಲೆಕ್ಕ. ಸರ್ಕಾರಿ ಕಾಡಿನಲ್ಲಿ ಐದಾರು ದಿನದ ಗೈಡ್ ಬೇಟೆಗೆ ಈಗ 6,000ದಿಂದ 9,000, ಒಳ್ಳೆಯ ಖಾಸಗಿ ಜಮೀನಿಗೆ ಅದರ ಮೇಲೆ. ಟ್ಯಾಗ್, ಲೈಸೆನ್ಸ್ ಸೇರಿ ಸಾವಿರದ ಹತ್ತಿರ ಇಟ್ಟುಕೊಳ್ಳಿ. ಗೈಡ್‌ಗೆ, ಅಡುಗೆಯವರಿಗೆ ಟಿಪ್ಸ್ ನೂರಕ್ಕೆ ಹತ್ತು ಹದಿನೈದು, ಇದನ್ನು ಯಾರೂ ಬರೆದಿರುವುದಿಲ್ಲ ಆದರೆ ಕೊಡದೆ ಬರುವ ಹಾಗಿಲ್ಲ. ಪೆಟ್ರೋಲು, ಮಾಂಸ ಕತ್ತರಿಸಿ ಪ್ಯಾಕ್ ಮಾಡುವವರ ಕೂಲಿ ಬೇರೆ. ಹಾಗಾಗಿ 6,500ರ ಮೇಲಿನ ಪ್ಯಾಕೇಜ್ ನೋಡಬೇಡಿ. ಡ್ರಾಪ್ ಕ್ಯಾಂಪ್ ಅಂತ ಅಗ್ಗದ್ದೂ ಇದೆ: ಹೇಸರಗತ್ತೆ ಮೇಲೆ ಸಾಮಾನು ಹೊರಿಸಿ ಕಾಡಿನ ಮಧ್ಯ ಟೆಂಟಿಗೆ ಬಿಟ್ಟು ಬರುತ್ತಾರೆ, ಬೇಟೆ ನಿಮ್ಮದೇ. ಮೊದಲ ಸಲಕ್ಕೆ ಬೇಡ.

ಕಾಲಿನ ವಿಷಯ. ತಡಿಯಂಡಮೋಳ್ ಹತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅದರ ತುದಿ 1,748 ಮೀಟರ್. ಇಲ್ಲಿ ಅಡುಗೆ ಟೆಂಟೇ 2,700 ಮೀಟರ್ ಮೇಲೆ ಇರುತ್ತದೆ, ಬೇಟೆ ಅಲ್ಲಿಂದ ಮೇಲಕ್ಕೆ. ಡಲ್ಲಾಸ್ ತಟ್ಟೆಯ ಹಾಗೆ ಚಪ್ಪಟೆ, ಬೆಟ್ಟ ಎಲ್ಲಿಂದ ತರುತ್ತೀರಿ? ಆಫೀಸಿನ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಸಾಕು. ಬೆನ್ನಿಗೆ ಇಪ್ಪತ್ತು ಕಿಲೋ ಅಕ್ಕಿ ಮೂಟೆ ಕಟ್ಟಿಕೊಂಡು ವಾರಕ್ಕೆ ಮೂರು ದಿನ, ಏಪ್ರಿಲ್‌ನಿಂದಲೇ. ಸೆಕ್ಯುರಿಟಿಯವನಿಗೆ ಮೊದಲೇ ಹೇಳಿಡಿ. ಬೇಟೆಗೆ ಎರಡು ದಿನ ಮುಂಚೆ ಹೋಗಿ ಎತ್ತರದ ಊರಿನಲ್ಲಿ ಉಳಿದುಕೊಳ್ಳಿ, ನೀರು ಜಾಸ್ತಿ ಕುಡಿಯಿರಿ. ತಲೆನೋವು, ವಾಂತಿ ಬಂದು ಹೆಚ್ಚಾಗುತ್ತಾ ಹೋದರೆ ಕೆಳಗಿಳಿಯುವುದೇ ಮದ್ದು, ಅದರಲ್ಲಿ ಮರ್ಯಾದೆ ಪ್ರಶ್ನೆ ಇಲ್ಲ. ಬಾಣದ ಅಭ್ಯಾಸವೂ ಮೆಟ್ಟಿಲು ಹತ್ತಿ ಏದುಸಿರಿನಲ್ಲಿ ಇರುವಾಗಲೇ, ಮಂಡಿಯೂರಿ, ಇಳಿಜಾರಿನಲ್ಲಿ ಮಾಡಿ. ಅಂಗಳದಲ್ಲಿ ಅರವತ್ತು ಗಜ ಹೊಡೆಯುವವನಿಗೆ ಕಾಡಿನಲ್ಲಿ ಮೂವತ್ತೈದೇ ಮಿತಿ. ಬ್ರಾಡ್‌ಹೆಡ್ (ಬೇಟೆಗೆ ಹಾಕುವ ಅಲಗಿನ ಮೊನೆ) ಹಾಕಿಯೇ ಅಭ್ಯಾಸ ಮಾಡಿ, ಅಭ್ಯಾಸದ ಮೊನೆಗೂ ಅದಕ್ಕೂ ಬಾಣ ಬೀಳುವ ಜಾಗ ವ್ಯತ್ಯಾಸ ಆಗುತ್ತದೆ.

ವೀಸಾ ಬಗ್ಗೆ ಹೆದರಿಕೆ ಬೇಡ. ಬಂದೂಕಿಗೆ ನಿಮ್ಮಂಥ ವೀಸಾದವರ ಮೇಲೆ ಕೇಂದ್ರದ ನಿರ್ಬಂಧ ಇದೆ, ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ಅದರಲ್ಲಿ ವಿನಾಯಿತಿಯೂ ಇದೆ. ಬಿಲ್ಲು ಆ ಕಾನೂನಿನಲ್ಲಿ ಬರುವುದೇ ಇಲ್ಲ. ಗೈಡ್ ಸುಮ್ನೆ ಒಂದು ಸಲ ನೋಡಿ ಅಂತ ರೈಫಲ್ ಕೈಗೆ ಕೊಟ್ಟರೆ ಮಾತ್ರ ನಯವಾಗಿ ಬೇಡ ಅನ್ನಿ, ವಕೀಲರನ್ನು ಕೇಳುವ ತನಕ. ಹಂಟರ್ ಎಜುಕೇಶನ್ ಕಾರ್ಡ್ ಟೆಕ್ಸಾಸ್‌ನದ್ದೇ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ.

ಕೊನೆಗೆ, ಬಿದ್ದ ಮೇಲೆ. ಸೆಪ್ಟೆಂಬರ್ ನ್ಯೂ ಮೆಕ್ಸಿಕೋದಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ದಪ್ಪ ಚರ್ಮ ಒಳಗಿನ ಕಾವು ಹೊರಗೆ ಬಿಡುವುದಿಲ್ಲ, ತೊಡೆಯ ಮೂಳೆಯ ಸುತ್ತ ಮಾಂಸ ಮೊದಲು ಕೆಡುತ್ತದೆ. ಬೇಗ ಚರ್ಮ ಸುಲಿದು, ನಾಲ್ಕು ಕಾಲು ಬೇರೆ ಮಾಡಿ, ಬಟ್ಟೆ ಚೀಲಕ್ಕೆ ಹಾಕಿ, ಗಾಳಿ ಆಡುವ ನೆರಳಿನಲ್ಲಿ ತೂಗುಹಾಕಬೇಕು. ಕುದುರೆ ಬರುವ ತನಕ ಎಷ್ಟು ಹೊತ್ತು ಆಗುತ್ತದೆ ಅಂತ ಔಟ್‌ಫಿಟರ್ ಹತ್ತಿರ ಮೊದಲೇ ಕೇಳಿ. ಜಿಂಕೆ ಜಾತಿಗೆ ಬರುವ ಸಿಡಬ್ಲ್ಯುಡಿ ಅನ್ನುವ ಮೆದುಳಿನ ರೋಗ ಈ ಕಡೆ ಹಲವು ರಾಜ್ಯಗಳಲ್ಲಿದೆ. ಅದಕ್ಕೆ ರಾಜ್ಯದ ಗಡಿ ದಾಟಿಸುವಾಗ ಮೂಳೆ ಬಿಡಿಸಿದ ಮಾಂಸ, ಮೆದುಳು ತೆಗೆದು ಶುಚಿ ಮಾಡಿದ ಬುರುಡೆ ಮಾತ್ರ ತನ್ನಿ. ಸ್ಯಾಂಪಲ್ ಪರೀಕ್ಷೆಗೆ ಕೊಟ್ಟು ಫಲಿತಾಂಶ ಬಂದ ಮೇಲೆಯೇ ತಿನ್ನಿ. ಕೊಂಬನ್ನು ಊರಿಗೆ ಒಯ್ಯುತ್ತೇನೆ ಅಂತ ಸೂಟ್‌ಕೇಸಿನಲ್ಲಿ ಮಾತ್ರ ಹಾಕಬೇಡಿ, ಬೆಂಗಳೂರು ಕಸ್ಟಮ್ಸ್‌ನಲ್ಲಿ ಕಥೆ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಮನೆಯಲ್ಲಿ ಕಾಚಂಪುಳಿ ಇದ್ದೇ ಇರುತ್ತದೆ ನಿಮ್ಮಲ್ಲಿ. ಪಂದಿ ಕರಿಯ ಮಸಾಲೆಯೇ ಎಲ್ಕಿಗೂ ಒಪ್ಪುತ್ತದೆ, ನಾನು ಮಾಡಿದ್ದೇನೆ. ಆದರೆ ಇದರಲ್ಲಿ ಹಂದಿಯ ಹಾಗೆ ಕೊಬ್ಬಿಲ್ಲ, ಎಣ್ಣೆ ಎರಡು ಚಮಚ ಜಾಸ್ತಿ ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಇಲ್ಲದಿದ್ದರೆ ಚಪ್ಪಲಿ ಚರ್ಮ ಅಗಿದ ಹಾಗಾಗುತ್ತದೆ.